ಎಲುಬಿಲ್ಲದ ಬೆರಳು

(ವಿಜಯಪುರದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ಮೆತ್ತನೆಯ ರೋಬೋಟ್‌ಗಳ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ)

ನಿಮ್ಮಲ್ಲಿ ಎಷ್ಟು ಜನರಿಗೆ ಜೋಳದ ರೊಟ್ಟಿ ಬಡಿಯಲು ಬರುತ್ತದೆ? ಸ್ವಲ್ಪ ಕೈ ಎತ್ತಿ. ಹಿಂದಿನ ಸಾಲಿನ ತಾಯಂದಿರು ಎಲ್ಲರೂ ಎತ್ತಿದ್ದಾರೆ. ಮುಂದೆ ಕೂತ ಹುಡುಗರಲ್ಲಿ ಇಬ್ಬರೇ. ಆ ಇಬ್ಬರಿಗೆ ಇವತ್ತಿನ ವಿಷಯ ಬೇಗ ತಿಳಿಯುತ್ತದೆ.

ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಜಿಗುಟು ಇಲ್ಲ. ಅದರಲ್ಲಿ ಗ್ಲುಟೆನ್ ಇರುವುದಿಲ್ಲ. ಅದಕ್ಕೇ ಕುದಿಯುವ ನೀರು ಹಾಕಿ ನಾದಬೇಕು. ಬಡಿಯುವಾಗ ಅಂಗೈಗೆ ಒಂದು ಕ್ಷಣವೂ ಬಿಡುವಿಲ್ಲ. ಎಲ್ಲಿ ದಪ್ಪ ಉಳಿದಿದೆ, ಎಲ್ಲಿ ತೆಳುವಾಯಿತು, ಯಾವ ಅಂಚು ಸೀಳುವ ಹಾಗಿದೆ, ಎಲ್ಲವನ್ನೂ ಅದೇ ನೋಡಿಕೊಳ್ಳಬೇಕು. ನಾನು ಪಿಎಚ್‌ಡಿ ಮಾಡುತ್ತಿದ್ದಾಗ ಒಂದು ಸಲ ಊರಿಗೆ ಹೋಗಿ ಅವ್ವನ ಪಕ್ಕ ಕೂತು ಕೇಳಿದೆ: "ಎಷ್ಟು ಒತ್ತಬೇಕು ಅಂತ ನಿನಗ ಹೆಂಗ ಗೊತ್ತಾಗ್ತದ?" ಅವ್ವ ಕೈ ನಿಲ್ಲಿಸದೆ ಹೇಳಿದಳು: "ಹಿಟ್ಟ ಹೇಳ್ತದಲ್ಲೋ ತಮ್ಮಾ."

ಆ ಮಾತನ್ನು ನಾನು ಪ್ರಯೋಗಾಲಯದ ಬೋರ್ಡಿನ ಮೇಲೆ ಬರೆದು ಇಟ್ಟಿದ್ದೇನೆ. ನನ್ನ ಹದಿನೈದು ವರ್ಷದ ಕೆಲಸ ಪೂರ್ತಿ ಆ ಮಾತಿನ ಹಿಂದೆಯೇ ನಡೆದಿದೆ. ಅಂಗೈ ಮೆತ್ತಗಿದೆ, ಹಿಟ್ಟೂ ಮೆತ್ತಗಿದೆ. ಒಂದು ಇನ್ನೊಂದಕ್ಕೆ ಬಗ್ಗುತ್ತದೆ. ಅರ್ಧ ಲೆಕ್ಕ ಆ ಬಗ್ಗುವಿಕೆಯಲ್ಲೇ ಮುಗಿದು ಹೋಗುತ್ತದೆ, ತಲೆಯವರೆಗೆ ಹೋಗುವುದೇ ಇಲ್ಲ.

ಈಗ ರೋಬೋಟ್ ಕಡೆ ಬರೋಣ. 1961ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಯೂನಿಮೇಟ್ ಎಂಬ ಯಂತ್ರ ಕೆಲಸ ಶುರು ಮಾಡಿತು. ಕಾರ್ಖಾನೆಯ ದುಡಿಮೆಗೆ ಇಳಿದ ಮೊದಲ ರೋಬೋಟ್ ಅದು. ಕರಗಿದ ಲೋಹವನ್ನು ಅಚ್ಚಿಗೆ ಒತ್ತಿ ತುಂಬುವ ಡೈ ಕಾಸ್ಟಿಂಗ್ ಯಂತ್ರದಿಂದ ಸುಡುವ ಲೋಹದ ಭಾಗಗಳನ್ನು ಎತ್ತಿ ಹೊರಗಿಡುವುದು ಅದರ ಕೆಲಸ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ನಿಂತವರಿಗೆ ಆ ಝಳ ಎಂಥದ್ದು ಅಂತ ಗೊತ್ತು. ಮನುಷ್ಯರ ಕೈ ಸುಡುವ ಕಡೆ ಉಕ್ಕಿನ ಕೈ ಬಂದದ್ದು ತುಂಬಾ ಒಳ್ಳೆಯದಾಯಿತು. ಆದರೆ ಅಂದಿನಿಂದ ರೋಬೋಟ್ ಅಂದರೆ ಉಕ್ಕು, ಮೋಟಾರು, ಗೇರು ಅನ್ನುವುದು ನಮ್ಮ ತಲೆಯಲ್ಲಿ ಕೂತುಬಿಟ್ಟಿತು. ಅದರ ಸುತ್ತ ಜಾಲರಿ ಹಾಕಿ, ಜನ ಹತ್ತಿರ ಹೋಗದ ಹಾಗೆ ಮಾಡಿ ಓಡಿಸುತ್ತೇವೆ. ಎದುರಿಗೆ ಯಾರು ಬಂದರೂ ಅದು ಬಗ್ಗುವುದಿಲ್ಲ, ಅಲ್ವಾ?

ಅಂಥ ಕೈಗೆ ಒಂದು ಮೊಟ್ಟೆ ಕೊಡಿ. ಕ್ಯಾಮೆರಾ ಬೇಕು, ಒತ್ತಡ ಅಳೆಯುವ ಸೆನ್ಸರ್ ಬೇಕು, ಕಂಪ್ಯೂಟರ್ ಸೆಕೆಂಡಿಗೆ ನೂರಾರು ಸಲ ಲೆಕ್ಕ ಮಾಡಬೇಕು. ಒಂದು ಮಿಲಿಮೀಟರ್ ತಪ್ಪಿದರೂ ಮೊಟ್ಟೆ ಒಡೆಯುತ್ತದೆ. ಉಕ್ಕು ತಾನು ಬಗ್ಗುವುದಿಲ್ಲವಾದ್ದರಿಂದ ಆ ತಪ್ಪನ್ನೆಲ್ಲ ಮೊಟ್ಟೆಯೇ ತಡೆದುಕೊಳ್ಳಬೇಕಾಗುತ್ತದೆ. ನಾವು ಬಳಸುವ ಮೆತ್ತನೆಯ ಸಿಲಿಕೋನ್ ರಬ್ಬರನ್ನು ಉಕ್ಕಿನ ಜೊತೆ ಹೋಲಿಸಿದರೆ, ಅಷ್ಟೇ ಹಿಗ್ಗಿಸಲು ಉಕ್ಕಿಗೆ ಹತ್ತು ಲಕ್ಷ ಪಟ್ಟಿಗಿಂತ ಜಾಸ್ತಿ ಬಲ ಬೇಕು. ನಮ್ಮ ಚರ್ಮ, ಸ್ನಾಯು ಇರುವುದು ಆ ರಬ್ಬರಿನ ಹತ್ತಿರ. ಮನುಷ್ಯರ ಜೊತೆ, ಹಣ್ಣಿನ ಜೊತೆ, ಹಸುಗೂಸಿನ ಜೊತೆ ಕೆಲಸ ಮಾಡುವ ಯಂತ್ರ ಯಾವ ಕಡೆ ಇರಬೇಕು? ಸಾಫ್ಟ್ ರೋಬೋಟಿಕ್ಸ್, ಅಂದರೆ ಮೆತ್ತನೆಯ ವಸ್ತುಗಳಿಂದ ರೋಬೋಟ್ ಮಾಡುವ ವಿಷಯ, ಹುಟ್ಟಿದ್ದು ಈ ಪ್ರಶ್ನೆಯಿಂದ.

ಈಗ ಎಲ್ಲರೂ ನಾಲಿಗೆ ಸ್ವಲ್ಪ ಹೊರಗೆ ಚಾಚಿ. ನಾಚಿಕೆ ಬೇಡ. ಬಲಕ್ಕೆ ತಿರುಗಿಸಿ, ಎಡಕ್ಕೆ ತಿರುಗಿಸಿ, ಮೂಗಿನ ಕಡೆ ಮೇಲಕ್ಕೆತ್ತಿ. ಎಲುಬಿಲ್ಲದ ನಾಲಿಗೆ ಅಂತ ಬೈಯಲು ಹೇಳುತ್ತೇವೆ. ಎಂಜಿನಿಯರ್ ಬಾಯಲ್ಲಿ ಅದು ಹೊಗಳಿಕೆ. ಒಳಗೆ ಎಲುಬಿಲ್ಲ, ಕೀಲಿಲ್ಲ. ಆದರೂ ಉದ್ದವಾಗುತ್ತದೆ, ಗಿಡ್ಡವಾಗುತ್ತದೆ, ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆ ಚೂರನ್ನು ಹುಡುಕಿ ತೆಗೆಯುತ್ತದೆ. ನೀರು ತುಂಬಿದ ಚೀಲದ ನಡುವನ್ನು ಹಿಂಡಿದರೆ ಅದು ಉದ್ದವಾಗುತ್ತದೆ. ನಾಲಿಗೆಯದೂ ಅದೇ ಕತೆ. ಒಳಗಿನ ಸ್ನಾಯುವಿನ ಗಾತ್ರ ಅಷ್ಟೇ ಇರುತ್ತದೆ, ಹಾಗಾಗಿ ಒಂದು ಕಡೆ ಸಣ್ಣದಾದರೆ ಇನ್ನೊಂದು ಕಡೆ ಬೆಳೆಯಲೇಬೇಕು. ಆನೆಯ ಸೊಂಡಿಲಿನದೂ ಇದೇ ಉಪಾಯ. ಮರದ ದಿಮ್ಮಿ ಎತ್ತುವ ಸೊಂಡಿಲೇ ನಿಮ್ಮ ಅಂಗೈಯಿಂದ ಒಂದು ಶೇಂಗಾ ಕಾಳು ಎತ್ತಿಕೊಳ್ಳುತ್ತದೆ.

ಸಮುದ್ರದಲ್ಲಿ ಆಕ್ಟೋಪಸ್ ಇದೆ. ನಾವು ಬಯಲುಸೀಮೆಯವರು ಅದನ್ನು ಟಿವಿಯಲ್ಲಷ್ಟೇ ನೋಡಿದ್ದೇವೆ. ಅದಕ್ಕೆ ಸುಮಾರು 50 ಕೋಟಿ ನರಕೋಶ. ಅದರಲ್ಲಿ ಮೂರನೇ ಎರಡು ಪಾಲು ಇರುವುದು ಎಂಟು ತೋಳುಗಳಲ್ಲಿ, ತಲೆಯಲ್ಲಲ್ಲ. ತೋಳಿಗೆ ಅದರದ್ದೇ ತಿಳಿವಳಿಕೆ. ಇಟಲಿಯ ಪೀಸಾದಲ್ಲಿ ಸಿಸಿಲಿಯಾ ಲಾಸ್ಕಿ ಅವರ ತಂಡ ಈ ತೋಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ, ಅದರ ಹಾಗೆ ಸುತ್ತಿ ಹಿಡಿಯುವ ಕೃತಕ ತೋಳು ಮಾಡಿತು. ನಮ್ಮ ಕ್ಷೇತ್ರಕ್ಕೆ ದಾರಿ ತೋರಿಸಿದ ಕೆಲಸ ಅದು.

ಸರಿ, ಇಷ್ಟು ಹೊತ್ತು ಮೇಜಿನ ಮೇಲೆ ಇಟ್ಟಿದ್ದ ಈ ವಸ್ತುವನ್ನು ಈಗ ನಿಮ್ಮ ಕೈಗೆ ಕೊಡುತ್ತೇನೆ. ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸಿ. ಸಿಲಿಕೋನ್ ರಬ್ಬರಿನ ಬೆರಳು. ಬೆನ್ನ ಮೇಲೆ ಸಾಲಾಗಿ ಉಬ್ಬುಗಳಿವೆ ನೋಡಿ, ಒಳಗೆ ಪ್ರತಿ ಉಬ್ಬೂ ಟೊಳ್ಳು. ಎಲ್ಲ ಟೊಳ್ಳುಗಳಿಗೂ ಒಂದೇ ಸಣ್ಣ ದಾರಿಯಲ್ಲಿ ಗಾಳಿ ಹೋಗುತ್ತದೆ. ಹೊಟ್ಟೆಯ ಕಡೆ ಚಪ್ಪಟೆ. ಅಲ್ಲಿ ರಬ್ಬರಿನ ಒಳಗೆ ಒಂದು ಬಟ್ಟೆಯ ಪಟ್ಟಿ ಹೂತಿದೆ. ಪಂಪು ಒತ್ತಿದರೆ ಬೆರಳು ಮಡಚುತ್ತದೆ.

ಯಾಕೆ ಮಡಚುತ್ತದೆ? ತವೆಯ ಮೇಲೆ ರೊಟ್ಟಿ ಉಬ್ಬುವುದನ್ನು ನೆನಪಿಸಿಕೊಳ್ಳಿ. ಒಳಗಿನ ನೀರು ಹಬೆಯಾಗಿ ಪದರಗಳನ್ನು ತಳ್ಳುತ್ತದೆ. ಎರಡೂ ಪದರ ಒಂದೇ ಸಮ ಹಿಗ್ಗಿದರೆ ರೊಟ್ಟಿ ದುಂಡಗೆ ಉಬ್ಬುತ್ತದೆ. ಒಂದು ಕಡೆ ಸುಟ್ಟು ಬಿರುಸಾಗಿದ್ದರೆ? ಆ ಕಡೆಗೆ ಬಾಗುತ್ತದೆ. ನಮ್ಮ ಬೆರಳೂ ಹಾಗೇ. ಗಾಳಿ ತುಂಬಿದಾಗ ಬೆನ್ನು ಹಿಗ್ಗುತ್ತದೆ. ಹೊಟ್ಟೆಯನ್ನು ಬಟ್ಟೆ ಹಿಗ್ಗಲು ಬಿಡುವುದಿಲ್ಲ. ಹಾಗಾಗಿ ಹೊಟ್ಟೆಯ ಕಡೆಗೆ ಮಡಚಲೇಬೇಕು. ಎಲ್ಲಿ ಬಿಟ್ಟುಕೊಡಬೇಕು, ಎಲ್ಲಿ ಬಿಟ್ಟುಕೊಡಬಾರದು ಅನ್ನುವುದನ್ನು ಮೊದಲೇ ವಸ್ತುವಿನ ಒಳಗೆ ಇಟ್ಟುಬಿಟ್ಟರೆ, ಆಮೇಲೆ ಕಂಪ್ಯೂಟರಿಗೆ ಹೇಳುವುದಕ್ಕೆ ಜಾಸ್ತಿ ಏನೂ ಉಳಿಯುವುದಿಲ್ಲ. ಗಾಳಿ ಬಿಡು, ಗಾಳಿ ತೆಗೆ. ಅಷ್ಟೇ.

ಹಾರ್ವರ್ಡ್‌ನಲ್ಲಿ ಜಾರ್ಜ್ ವೈಟ್‌ಸೈಡ್ಸ್ ಅವರ ತಂಡ 2011ರಲ್ಲಿ ಇದೇ ರೀತಿಯ ನಾಲ್ಕು ಕಾಲಿನ ರಬ್ಬರ್ ರೋಬೋಟನ್ನು ತೋರಿಸಿತು. ಗಾಜಿನ ಹಲಗೆಯ ಕೆಳಗಿನ ಸಣ್ಣ ಸಂದಿಯಲ್ಲಿ ಅದು ಮೈ ತಗ್ಗಿಸಿ ತೆವಳಿಕೊಂಡು ಆಚೆ ಹೋಯಿತು. ಒಂದೇ ಒಂದು ಸೆನ್ಸರ್ ಇರಲಿಲ್ಲ. ಗಾಳಿ ತುಂಬುವ ಭಾಗಗಳು ಐದು. ಒತ್ತಡ 10 ಪಿಎಸ್‌ಐಗಿಂತ ಕಡಿಮೆ. ನಿಮ್ಮ ಬೈಕಿನ ಟೈರಿಗೆ ಹೊಡೆಸುವ ಗಾಳಿಯ ಮೂರನೇ ಒಂದು ಭಾಗ ಅನ್ನಿ. ಆ ವಿಡಿಯೋ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುವಾರವೇ ನಾವೂ ಮಾಡಲು ಕೂತೆವು. ಅಚ್ಚು ತಯಾರಿಸಿ, ಸಿಲಿಕೋನಿನ ಎರಡು ದ್ರವ ಸಮ ಸಮ ಬೆರೆಸಿ ಸುರಿಯುವುದು, ನಾಲ್ಕು ತಾಸು ಬಿಡುವುದು. ಕೇಳಲು ಸುಲಭ. ಬೆರೆಸುವಾಗ ಗಾಳಿ ಸೇರುತ್ತದೆ. ಸಾಸಿವೆ ಕಾಳಿಗಿಂತ ಸಣ್ಣ ಒಂದು ಗುಳ್ಳೆ ಗೋಡೆಯಲ್ಲಿ ಉಳಿದರೂ ಸಾಕು, ಗಾಳಿ ತುಂಬಿದಾಗ ಬೆರಳು ಅಲ್ಲೇ ಬುಗ್ಗೆಯ ಹಾಗೆ ಊದಿ ಒಡೆಯುತ್ತದೆ. ಮೊದಲ ತಿಂಗಳಲ್ಲಿ ಮಾಡಿದ ಬೆರಳುಗಳಲ್ಲಿ ಹತ್ತಕ್ಕೆ ಎಂಟು ಹೀಗೇ ಹೋದವು. ಗುಳ್ಳೆ ಎಳೆದು ತೆಗೆಯುವ ವ್ಯಾಕ್ಯೂಮ್ ಚೇಂಬರ್ ಆಗ ನಮ್ಮಲ್ಲಿ ಇರಲಿಲ್ಲ.

ಬೆಳಗಾವಿಯಲ್ಲಿ ಫೌಂಡ್ರಿಗೆ ಪ್ಯಾಟರ್ನ್, ಅಂದರೆ ಅಚ್ಚು ತೆಗೆಯುವ ಮಾದರಿ, ಮಾಡುವ ಒಬ್ಬ ಹಿರಿಯರು ನನಗೆ ಪರಿಚಯ. ಒಡೆದ ಬೆರಳುಗಳನ್ನು ಚೀಲದಲ್ಲಿ ತುಂಬಿಕೊಂಡು ಹೋಗಿ ಅವರ ಮುಂದೆ ಇಟ್ಟೆ. ಒಂದನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಬ್ಲೋ ಹೋಲ್ ಅಲ್ರೀ? ನಮಗೂ ದಿನಾ ಇದs ಗೋಳು" ಅಂದರು. ಆಮೇಲೆ ನನ್ನ ಅಚ್ಚನ್ನು ಕೈಯಲ್ಲಿ ತಿರುಗಿಸಿ, "ಮ್ಯಾಲಿಂದ ಯಾಕ ಸುರೀತೀರಿ? ಕೆಳಗಿಂದ ತುಂಬ್ರಿ. ಗಾಳಿ ತಾನ ಮ್ಯಾಲಿನ ದಾರಿ ಹುಡುಕ್ತದ" ಅಂದರು. ಅಚ್ಚಿನ ತಳದಲ್ಲಿ ತೂತು ಮಾಡಿ, ಸಿರಿಂಜಿನಿಂದ ನಿಧಾನವಾಗಿ ತುಂಬಿದೆವು. ಮೇಲಿನ ಮೂಲೆಗಳಲ್ಲಿ ಗಾಳಿ ಹೋಗಲು ಸಣ್ಣ ಕಿಂಡಿ ಬಿಟ್ಟೆವು. ಆ ವಾರ ಮಾಡಿದ ಆರು ಬೆರಳುಗಳಲ್ಲಿ ಒಂದೂ ಒಡೆಯಲಿಲ್ಲ. ನಾನು ಓದಿದ್ದ ಸಂಶೋಧನಾ ಲೇಖನಗಳಲ್ಲಿ ಆ ಒಂದು ಸಾಲು ಸಿಕ್ಕಿರಲಿಲ್ಲ. ಕರಗಿದ ಕಬ್ಬಿಣದ ಜೊತೆ ನಲವತ್ತು ವರ್ಷ ಕಳೆದವರಿಗೆ ಅದು ಬೆಳಗಿನ ಚಹಾದಷ್ಟು ಸಹಜ.

ಹೊಟ್ಟೆಯ ಬಟ್ಟೆಯ ವಿಷಯಕ್ಕೆ ವಾಪಸ್ ಬರುತ್ತೇನೆ. ಎಲ್ಲರೂ ಅಲ್ಲಿ ಕಾಗದ ಹಾಕುತ್ತಾರೆ, ಗಾಜಿನ ನಾರು ಹಾಕುತ್ತಾರೆ. ನಾವು ಹಾಕಿದ್ದು ಗುಳೇದಗುಡ್ಡದ ಖಣದ ತುಂಡು. ಮನೆಯಲ್ಲಿ ಕುಬುಸ ಹೊಲಿದು ಉಳಿದದ್ದು. ಬಿಗಿಯಾದ ನೇಯ್ಗೆ, ತೆಳು. ರಬ್ಬರ್ ಅದರ ಎಳೆಗಳ ನಡುವೆ ಇಳಿದು ಹಿಡಿದುಕೊಳ್ಳುತ್ತದೆ. ಚೆನ್ನಾಗಿಯೇ ನಡೆದಿತ್ತು. ಒಂದು ದಿನ ನನ್ನ ವಿದ್ಯಾರ್ಥಿನಿಯೊಬ್ಬಳು ತಂದ ಬೆರಳು ನೆಟ್ಟಗೆ ಮಡಚುವ ಬದಲು ಬಳ್ಳಿಯ ಹಾಗೆ ತಿರುಚಿಕೊಳ್ಳುತ್ತಿತ್ತು. ಅಚ್ಚು ಸರಿಯಿತ್ತು, ಗುಳ್ಳೆ ಇರಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡೆವು. ಕೊನೆಗೆ ಬೆರಳನ್ನು ಸೀಳಿ ನೋಡಿದರೆ, ಅವಳು ಪಟ್ಟಿಯನ್ನು ಓರೆಯಾಗಿ ಕತ್ತರಿಸಿದ್ದಳು.

ಬಟ್ಟೆಯನ್ನು ಹಾಸಿನ ಎಳೆಯ ಉದ್ದಕ್ಕೆ ಎಳೆಯಿರಿ, ಹಿಗ್ಗುವುದಿಲ್ಲ. ಅಡ್ಡ ಹೋಗುವ ಹೊಕ್ಕಿನ ಎಳೆಯ ಉದ್ದಕ್ಕೆ ಎಳೆಯಿರಿ, ಆಗಲೂ ಇಲ್ಲ. ಮೂಲೆಯಿಂದ ಮೂಲೆಗೆ ಎಳೆಯಿರಿ, ಹಿಗ್ಗುತ್ತದೆ. ನಿಮ್ಮ ಕರವಸ್ತ್ರದಲ್ಲಿ ಈಗಲೇ ನೋಡಬಹುದು. ಯಾವ ಟೇಲರನ್ನು ಕೇಳಿದರೂ ಹೇಳುತ್ತಾರೆ. ಎಳೆಯ ಕೋನ ಬದಲಾದರೆ ಬೆರಳಿನ ಚಲನೆಯೇ ಬದಲಾಗುತ್ತದೆ. ಮೋಟಾರು ಬದಲಿಸಬೇಕಿಲ್ಲ, ಪ್ರೋಗ್ರಾಮ್ ಬದಲಿಸಬೇಕಿಲ್ಲ, ಕತ್ತರಿ ಸ್ವಲ್ಪ ತಿರುಗಿಸಿದರೆ ಸಾಕು. ಆ ಹುಡುಗಿ ತಪ್ಪು ಮಾಡಿದೆ ಅಂತ ಅಳುವ ಹಾಗಾಗಿದ್ದಳು. ಆ ತಿರುಚುವ ಬೆರಳೇ ಆಮೇಲೆ ನಮಗೆ ತುಂಬಾ ಬೇಕಾಯಿತು. ಹೇಗೆ ಅಂತ ಹೇಳುತ್ತೇನೆ.

ವಿಜಯಪುರಕ್ಕೆ ಬಂದು ದ್ರಾಕ್ಷಿಯ ಮಾತಾಡದಿದ್ದರೆ ಹೇಗೆ? ನಾಲ್ಕು ಬೆರಳಿನ ಕೈಯೊಂದನ್ನು ಮಾಡಿ, ದ್ರಾಕ್ಷಿ ಗೊಂಚಲನ್ನು ಒಂದೂ ಹಣ್ಣು ಒಡೆಯದ ಹಾಗೆ ಹಿಡಿಯುವುದನ್ನು ಸಾಧಿಸಿದ್ದೆವು. ಬಹಳ ಖುಷಿಯಿಂದ ತಿಕೋಟಾ ಕಡೆಯ ಒಂದು ತೋಟಕ್ಕೆ ತೆಗೆದುಕೊಂಡು ಹೋದೆವು. ಹಣ್ಣು ಬಿಡಿಸುತ್ತಿದ್ದ ಒಬ್ಬ ಅಜ್ಜಿ ಕತ್ತರಿ ಹಿಡಿದು ನಿಂತು ನೋಡಿದರು. ನಮ್ಮ ಕೈ ಗೊಂಚಲನ್ನು ಮೆಲ್ಲಗೆ ಸುತ್ತಿ ಹಿಡಿಯಿತು. ಒಂದೂ ಒಡೆಯಲಿಲ್ಲ. ಅಜ್ಜಿ ಅಂದರು: "ಹಣ್ಣಿಗೆ ಯಾಕ ಕೈ ಹಚ್ಚತೀರಿ ಸರ? ಮ್ಯಾಲಿನ ಬಿಳೇದು ಹೋತು ನೋಡ್ರಿ. ತೊಟ್ಟ ಹಿಡೀಬೇಕು."

ದ್ರಾಕ್ಷಿಯ ಮೇಲೆ ಬೂದಿಯ ಹಾಗೆ ತೆಳ್ಳಗಿನ ಬಿಳಿ ಪದರ ಇರುತ್ತದಲ್ಲ, ಅದು ಮೇಣ. ಹಣ್ಣಿನ ನೀರು ಆರದ ಹಾಗೆ ಅದೇ ಕಾಯುತ್ತದೆ. ತಿನ್ನುವ ದ್ರಾಕ್ಷಿಗೆ ಆ ಪದರ ಇದ್ದರೆ ತಾಜಾ ಅಂತ ಬೆಲೆ. ನಮ್ಮ ಬೆರಳು ಮುಟ್ಟಿದ ಕಡೆಯೆಲ್ಲ ಅದು ಒರೆಸಿ ಹೋಗಿ ಕಲೆ ಬಿದ್ದಿತ್ತು. ಒಣದ್ರಾಕ್ಷಿ ಮಾಡುವವರು ಅದೇ ಮೇಣದ ತಡೆಯನ್ನು ಬೇಕಂತಲೇ ಸಡಿಲಿಸುತ್ತಾರೆ. ಪೊಟ್ಯಾಷಿಯಂ ಕಾರ್ಬೋನೇಟ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ ಶೆಡ್ಡಿನ ಬಲೆಯ ಮೇಲೆ ಹರಡುತ್ತಾರೆ. ಆಗ ನೀರು ಬೇಗ ಹೊರಗೆ ಹೋಗುತ್ತದೆ. ಒಂದೇ ಮೇಣ. ಒಬ್ಬರಿಗೆ ಅದು ಉಳಿಯಬೇಕು, ಇನ್ನೊಬ್ಬರಿಗೆ ಬೇಡ. ಇದೆಲ್ಲ ಅಲ್ಲಿನ ಮಕ್ಕಳಿಗೂ ಗೊತ್ತು. ನಾವು ಎರಡು ವರ್ಷ ಹಣ್ಣು ಒಡೆಯಬಾರದು ಅನ್ನುವ ಒಂದೇ ಪ್ರಶ್ನೆಯ ಮೇಲೆ ಕೆಲಸ ಮಾಡಿದ್ದೆವು. ತೋಟಕ್ಕೆ ಮೊದಲೇ ಹೋಗಬೇಕಿತ್ತು. ಈಗ ನನ್ನ ವಿದ್ಯಾರ್ಥಿಗಳು ಮೊದಲ ತಿಂಗಳು ಪ್ರಯೋಗಾಲಯದಲ್ಲಿ ಕೂರುವುದಿಲ್ಲ, ಕೆಲಸ ಮಾಡುವವರ ಪಕ್ಕ ನಿಂತು ನೋಡುತ್ತಾರೆ.

ಆ ನಾಲ್ಕು ಬೆರಳಿನ ಕೈ ವ್ಯರ್ಥವಾಗಲಿಲ್ಲ. ನಿಮ್ಮ ಜಿಲ್ಲೆಯ ಇಂಡಿ ತಾಲೂಕಿನ ಲಿಂಬೆಗೆ ಜಿಐ ಟ್ಯಾಗ್, ಅಂದರೆ ಆ ಊರಿನದೇ ಅನ್ನುವ ಗುರುತು, ಸಿಕ್ಕಿರುವುದು ನಿಮಗೆಲ್ಲ ಗೊತ್ತು. ಲಿಂಬೆಯನ್ನು ಜಗ್ಗಿ ಕಿತ್ತರೆ ತೊಟ್ಟಿನ ಹತ್ತಿರ ಸಿಪ್ಪೆ ಹರಿಯುತ್ತದೆ, ಹರಿದ ಕಡೆಯಿಂದ ಕೊಳೆಯಲು ಶುರುವಾಗುತ್ತದೆ. ಮೆಲ್ಲಗೆ ತಿರುವಿ ಬಿಡಿಸಬೇಕು. ತಿರುವುವ ಬೆರಳು ನಮ್ಮ ಹತ್ತಿರ ಇತ್ತಲ್ಲ, ಓರೆ ಖಣದ್ದು! ಬೆರಳುಗಳು ಕಾಯಿಯನ್ನು ಹಿಡಿದು, ಗಾಳಿ ತುಂಬಿದ ಹಾಗೆ ತಾವೇ ತಿರುಚುತ್ತವೆ. ಇದು ಇನ್ನೂ ಮೇಜಿನ ಮೇಲಿನ ಪ್ರಯೋಗ. ಲಿಂಬೆ ಗಿಡದ ಮುಳ್ಳಿಗೆ ರಬ್ಬರ್ ಬೆರಳು ಏನಾಗುತ್ತದೆ ಅಂತ ನೀವು ಕೇಳಬಹುದು. ತೂತಾಗುತ್ತದೆ. ಅದರ ಮೇಲೆ ಕೆಲಸ ನಡೆದಿದೆ.

ಇಲ್ಲಿಯವರೆಗೆ ಗಾಳಿಯ ಮಾತಾಯಿತು. ಸ್ಮಾರ್ಟ್ ಮೆಟೀರಿಯಲ್ ಅಂದರೆ ಏನು ಅಂತ ಹೇಳಬೇಕು. ಬಿಸಿಯೋ, ಕರೆಂಟೋ, ಒತ್ತಡವೋ ತಾಗಿದಾಗ ತನ್ನ ಆಕಾರವನ್ನೋ ಗುಣವನ್ನೋ ತಾನೇ ಬದಲಿಸಿಕೊಳ್ಳುವ ವಸ್ತು. ಅಡುಗೆಮನೆಯ ಗ್ಯಾಸ್ ಲೈಟರ್ ಒತ್ತಿದರೆ ಟಕ್ ಅಂತ ಕಿಡಿ ಬರುತ್ತದಲ್ಲ, ಅದರಲ್ಲಿ ಸೆಲ್ ಇಲ್ಲ. ಒಳಗಿನ ಸಣ್ಣ ಹರಳಿಗೆ ಪೆಟ್ಟು ಬಿದ್ದಾಗ ಅದು ವಿದ್ಯುತ್ ಕೊಡುತ್ತದೆ. ಪಿಯೆರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ ಇದನ್ನು 1880ರಲ್ಲಿ ಕಂಡುಹಿಡಿದರು. ಇದರ ಬಗ್ಗೆ ಇಷ್ಟು ಸಾಕು. ನನಗೆ ಹೆಚ್ಚು ಪ್ರೀತಿ ಇರುವುದು ಇನ್ನೊಂದರ ಮೇಲೆ.

ಈ ತಂತಿ ನೋಡಿ. ಹೆಸರು ನಿಟಿನಾಲ್. ನಿಕ್ಕಲ್ ಮತ್ತು ಟೈಟೇನಿಯಂ ಪರಮಾಣುಗಳು ಹೆಚ್ಚುಕಡಿಮೆ ಅರ್ಧರ್ಧ. ಇದನ್ನು ಉಕ್ಕಿನ ಹಲಗೆಯ ಮೇಲೆ ಮೊಳೆಗಳ ನಡುವೆ ಬಗ್ಗಿಸಿ ಕಟ್ಟಿ, ಸುಮಾರು 500 ಡಿಗ್ರಿ ಕಾವಿನ ಕುಲುಮೆಯಲ್ಲಿಟ್ಟು, ತೆಗೆದು ನೀರಿಗೆ ಹಾಕಿದ್ದೇವೆ. ಆಗ ಇದರ ಆಕಾರ "ಗ" ಅಕ್ಷರ. ಈಗ ನಾನು ಅದನ್ನು ಬೆರಳಲ್ಲಿ ಸುತ್ತಿ ಮುದ್ದೆ ಮಾಡುತ್ತೇನೆ. ಅಕ್ಷರ ಹೋಯಿತು. ಸಂಘಟಕರು ಕೊಟ್ಟ ಚಹಾ ಇನ್ನೂ ಬಿಸಿ ಇದೆ. ಅದಕ್ಕೆ ಹಾಕುತ್ತೇನೆ. ನೋಡಿ, ಹೊರಗೆ ಬಂದದ್ದು "ಗ". ಇದನ್ನು ಸಾವಿರ ಸಲ ನೋಡಿದ್ದೇನೆ. ಇವತ್ತಿಗೂ ಮೈ ಜುಮ್ ಅನ್ನುತ್ತದೆ.

ಒಳಗೆ ಏನಾಗುತ್ತಿದೆ? ಒಂದು ತರಗತಿ ಅಂದುಕೊಳ್ಳಿ. ಬೆಂಚಿನ ಮೇಲೆ ಮಕ್ಕಳು ಸಾಲಾಗಿ ಕೂತಿದ್ದಾರೆ. ಮಧ್ಯಾಹ್ನದ ಹೊತ್ತು. ಕೆಲವರು ಎಡಕ್ಕೆ ವಾಲಿದ್ದಾರೆ, ಕೆಲವರು ಬಲಕ್ಕೆ. ನೀವು ತಳ್ಳಿದರೆ ಎಲ್ಲರೂ ಒಂದೇ ಕಡೆ ವಾಲುತ್ತಾರೆ. ಆದರೆ ಯಾರೂ ತಮ್ಮ ಜಾಗ ಬಿಟ್ಟು ಎದ್ದಿಲ್ಲ, ಪಕ್ಕದವರು ಪಕ್ಕದಲ್ಲೇ ಇದ್ದಾರೆ. ಹೆಡ್ ಮಾಸ್ತರು ಒಳಗೆ ಬಂದ ಕೂಡಲೇ ಎಲ್ಲರೂ ನೆಟ್ಟಗೆ. ತಣ್ಣಗಿರುವಾಗ ನಿಟಿನಾಲ್ ಪರಮಾಣುಗಳು ವಾಲಿ ಕೂತಿರುತ್ತವೆ, ಅದನ್ನು ಮಾರ್ಟೆನ್ಸೈಟ್ ಅನ್ನುತ್ತಾರೆ. ಬಿಸಿಯಾದಾಗ ನೆಟ್ಟಗೆ ಕೂರುತ್ತವೆ, ಅದು ಆಸ್ಟೆನೈಟ್. ವಾಲುವ ದಿಕ್ಕು ಹಲವು, ನೆಟ್ಟಗೆ ಕೂರುವುದಕ್ಕೆ ಒಂದೇ ರೀತಿ. ಹಾಗಾಗಿ ಹಳೆಯ ಆಕಾರ ವಾಪಸ್ ಬರುತ್ತದೆ. ಮಾಮೂಲು ಕಬ್ಬಿಣದ ತಂತಿಯನ್ನು ಬಗ್ಗಿಸಿದರೆ ಮಕ್ಕಳು ಬೆಂಚು ಬದಲಿಸಿಬಿಡುತ್ತಾರೆ. ಅದಕ್ಕೆ ಅದು ಹಾಗೇ ಬಗ್ಗಿ ಉಳಿಯುತ್ತದೆ.

ಇದು ಸಿಕ್ಕ ಕತೆಯೂ ಚೆಂದ. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ಎಂಬ ಲೋಹತಜ್ಞರು ಕ್ಷಿಪಣಿಯ ಮೂತಿಗೆ ಲೋಹ ಹುಡುಕುತ್ತಿದ್ದರು. 1959ರ ಸುಮಾರು. ಎರಕ ಹೊಯ್ದ ಸರಳುಗಳನ್ನು ನೆಲಕ್ಕೆ ಹಾಕಿದಾಗ ತಣ್ಣಗಾದದ್ದು ಧಬ್ ಅಂದಿತು, ಇನ್ನೂ ಬೆಚ್ಚಗಿದ್ದದ್ದು ಗಂಟೆಯ ಹಾಗೆ ನಾದ ಕೊಟ್ಟಿತು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಾವು ಬೆರಳಲ್ಲಿ ಬಡಿದು ನೋಡುವುದಿಲ್ಲವೇ? ಫೌಂಡ್ರಿಯಲ್ಲಿ ಎರಕದ ಭಾಗವನ್ನು ಸುತ್ತಿಗೆಯಿಂದ ತಟ್ಟಿ ಬಿರುಕು ಪತ್ತೆ ಮಾಡುವುದಿಲ್ಲವೇ? ಬ್ಯೂಲರ್ ಕಿವಿಗೊಟ್ಟರು. ಒಂದೇ ಲೋಹಕ್ಕೆ ಎರಡು ದನಿ ಇದೆಯಾದರೆ ಒಳಗೆ ಏನೋ ಬದಲಾಗುತ್ತಿದೆ ಅಂತ ತಿಳಿದರು. ಕೆಲವು ವರ್ಷದ ಮೇಲೆ ಒಂದು ಸಭೆಯಲ್ಲಿ ಅದರ ಪಟ್ಟಿಯನ್ನು ಮಡಿಕೆ ಮಡಿಕೆಯಾಗಿ ಬಗ್ಗಿಸಿ ಎಲ್ಲರ ಕೈಗೆ ಕೊಡಲಾಗಿತ್ತು. ಡೇವಿಡ್ ಮಝಿ ಎಂಬವರು ಪೈಪು ಹಚ್ಚುವ ಲೈಟರನ್ನು ಅದಕ್ಕೆ ಹಿಡಿದರು. ಪಟ್ಟಿ ತನ್ನಷ್ಟಕ್ಕೆ ಸರ್ರನೆ ನೆಟ್ಟಗಾಯಿತು. ಹೆಸರಿನ ಕೊನೆಯ "ನಾಲ್" ಆ ಪ್ರಯೋಗಾಲಯದ ಹೆಸರಿನ, ಅಂದರೆ ನೇವಲ್ ಆರ್ಡ್ನೆನ್ಸ್ ಲ್ಯಾಬೊರೇಟರಿಯ, ಇಂಗ್ಲಿಷ್ ಮೊದಲಕ್ಷರಗಳು.

ಇವತ್ತು ಇದು ವಕ್ರದಂತ ಸರಿ ಮಾಡುವ ತಂತಿಯಲ್ಲಿದೆ, ಕಾಲಿನ ಮತ್ತು ಕುತ್ತಿಗೆಯ ರಕ್ತನಾಳದಲ್ಲಿ ಕೂರಿಸುವ, ತಾವೇ ಅರಳುವ ಸ್ಟೆಂಟ್‌ಗಳಲ್ಲಿದೆ. ಮೈಯ ಬಿಸಿಗೇ ಅರಳುತ್ತದೆ. ಆದರೆ ಇದು ಸುಲಭವಾಗಿ ಒಗ್ಗುವ ಲೋಹವಲ್ಲ. ನಿಕ್ಕಲ್ ಶೇ 1ರಷ್ಟು ಆಚೀಚೆಯಾದರೂ ಆಕಾರ ಬದಲಿಸುವ ಉಷ್ಣತೆ ಸುಮಾರು 100 ಡಿಗ್ರಿ ಸರಿದುಹೋಗಬಹುದು. ಸ್ನಾಯುವಿನ ಹಾಗೆ ಪದೇ ಪದೇ ಬಳಸುವುದಾದರೆ ಒಂದು ಮೀಟರ್ ತಂತಿ ನಾಲ್ಕು ಸೆಂಟಿಮೀಟರ್‌ನಷ್ಟು ಕುಗ್ಗುತ್ತದೆ. ಕರೆಂಟ್ ಕೊಟ್ಟರೆ ಕ್ಷಣದಲ್ಲಿ ಕುಗ್ಗುತ್ತದೆ. ವಾಪಸ್ ಹಿಗ್ಗಬೇಕಾದರೆ ತಣ್ಣಗಾಗಬೇಕು. ಅದು ನಿಧಾನ.

ಆ ನಿಧಾನವೂ ಆ ಬಿಸಿಯೂ ನನಗೆ ಸರಿಯಾಗಿ ಅರ್ಥವಾದದ್ದು ನಮ್ಮ ಚಿಗವ್ವನಿಂದ. ಅವಳಿಗೆ ಲಕ್ವಾ ಹೊಡೆದು ಎಡಗೈ ಮುಷ್ಟಿ ಕಟ್ಟಿಬಿಟ್ಟಿತ್ತು. ಫಿಸಿಯೋಥೆರಪಿಯವರು ದಿನಾ ಬಂದು ಒಂದೊಂದೇ ಬೆರಳು ಬಿಡಿಸಿ, ಮಡಚಿ, ಬಿಡಿಸಿ ಮಾಡುತ್ತಿದ್ದರು. ಅವರು ಹೋದ ಮೇಲೆ ಇಡೀ ದಿನ ಕೈ ಹಾಗೇ. ನಾನು ಒಂದು ಕೈಗವಸಿನ ಬೆನ್ನಿಗೆ ನಿಟಿನಾಲ್ ತಂತಿ ಹೊಲಿದು, ಬೆರಳನ್ನು ಎಳೆದು ಬಿಡಿಸುವ ಹಾಗೆ ಮಾಡಿದೆ. ಚಲನೆ ಚೆನ್ನಾಗಿತ್ತು. ಆ ತಂತಿ ಕುಗ್ಗಬೇಕಾದರೆ ಸುಮಾರು 70ರಿಂದ 90 ಡಿಗ್ರಿ ಕಾಯಬೇಕು. ಎಷ್ಟು ಪದರ ಬಟ್ಟೆ ಹಾಕಿದರೂ ನನ್ನ ಕೈಗೇ ಬಿಸಿ ತಾಗುತ್ತಿತ್ತು. ಲಕ್ವಾ ಆದ ಕೈಗೆ ಸ್ಪರ್ಶವೂ ಕಡಿಮೆ. ಸುಟ್ಟರೂ ಚಿಗವ್ವನಿಗೆ ಗೊತ್ತಾಗುವುದಿಲ್ಲ. ಅದನ್ನು ಅವಳ ಕೈಗೆ ಹಾಕಲೇ ಇಲ್ಲ.

ಮತ್ತೆ ಗಾಳಿಗೆ ಬಂದೆ. ಆಗ ನನಗೆ ನೆನಪಾದವರು ಜೋಸೆಫ್ ಮೆಕಿಬ್ಬನ್. ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಭೌತವಿಜ್ಞಾನಿ. 1945ರಲ್ಲಿ ಮೊದಲ ಅಣುಬಾಂಬ್ ಪರೀಕ್ಷೆಯಲ್ಲಿ ಸಮಯದ ಸ್ವಿಚ್ಚಿನ ಮುಂದೆ ಕೂತವರು. ಮುಂದೆ ಅವರ ಮಗಳಿಗೆ ಪೋಲಿಯೋ ಆಗಿ ಕೈಯ ಶಕ್ತಿ ಹೋಯಿತು. 1950ರ ದಶಕದಲ್ಲಿ ಅವರು ಮಗಳ ಬೆರಳು ಅಲ್ಲಾಡಿಸಲು ಗಾಳಿಯ ಸ್ನಾಯುವನ್ನು ಬಳಸಿದರು. ಇವತ್ತಿಗೂ ಅದಕ್ಕೆ ಮೆಕಿಬ್ಬನ್ ಸ್ನಾಯು ಅಂತಲೇ ಹೆಸರು. ಒಳಗೆ ರಬ್ಬರ್ ಕೊಳವೆ, ಹೊರಗೆ ಓರೆ ಓರೆಯಾಗಿ ಹೆಣೆದ ಬಲೆಯ ತೋಳು. ಗಾಳಿ ತುಂಬಿದರೆ ಅಗಲವಾಗುತ್ತದೆ. ಬಲೆಯ ದಾರ ಹಿಗ್ಗುವುದಿಲ್ಲ, ಹಾಗಾಗಿ ಅಗಲವಾದಷ್ಟೂ ಗಿಡ್ಡವಾಗುತ್ತದೆ. ಉದ್ದದ ಕಾಲು ಭಾಗದಷ್ಟು ಕುಗ್ಗಬಲ್ಲದು. ದಾರದ ಓರೆ 54.7 ಡಿಗ್ರಿ ಮುಟ್ಟಿದಾಗ ತಾನೇ ನಿಲ್ಲುತ್ತದೆ. ಎಷ್ಟು ಗಾಳಿ ತುಂಬಿದರೂ ಅದಕ್ಕಿಂತ ಮುಂದೆ ಎಳೆಯುವುದಿಲ್ಲ. ಯಾವ ಸೆನ್ಸರೂ ಇಲ್ಲದೆ, ಹೆಣಿಗೆಯೇ ಸಾಕು ಅನ್ನುತ್ತದೆ. ರೋಗಿಯ ಬೆರಳಿನ ಮೇಲೆ ಹಾಕುವ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಗುಣ ಬೇಕೇ?

ಮೊದಲ ಸ್ನಾಯುವನ್ನು ಸೈಕಲ್ಲಿನ ಹಳೆಯ ಟ್ಯೂಬು ಮತ್ತು ವೈರುಗಳ ಮೇಲೆ ಹಾಕುವ ನೈಲಾನ್ ಬಲೆಯಿಂದ ಮಾಡಿದೆ. ತುದಿಯಲ್ಲಿ ಗಾಳಿ ಸೋರುತ್ತಿತ್ತು. ಬಾಗಲಕೋಟೆಯಲ್ಲಿ ನಮ್ಮ ಓಣಿಯ ಪಂಕ್ಚರ್ ಅಂಗಡಿಗೆ ಹೋದೆ. ಅವರು ಅದನ್ನು ನೀರಿನ ಬುಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಬರುವ ಜಾಗಕ್ಕೆ ಹೆಬ್ಬೆರಳು ಇಟ್ಟು ತೋರಿಸಿದರು. "ಇಲ್ಲಿ ಕಟ್ಟಿದ್ದು ಸರಿ ಅದ. ಟ್ಯೂಬ ಮಡಚಿ ಕಟ್ಟಿಲ್ಲ" ಅಂದರು. ಮಡಚಿ ಕಟ್ಟಿದೆ, ನಿಂತಿತು. ನಮ್ಮ ಪ್ರಯೋಗಾಲಯದಲ್ಲಿ ಈಗಲೂ ಸೋರಿಕೆ ಹುಡುಕುವುದು ನೀರಿನ ಬುಟ್ಟಿಯಲ್ಲೇ.

ಚಿಗವ್ವ ಗಾಳಿಯ ಕೈಗವಸು ಹಾಕಿಕೊಂಡಳು. ಬೆರಳು ನಿಧಾನವಾಗಿ ಬಿಡಿಸಿಕೊಂಡವು. ಅವಳು ತನ್ನ ಅಂಗೈಯನ್ನೇ ನೋಡುತ್ತಾ ಕೂತಳು. ಅಂಗೈಯ ಗೆರೆಗಳ ನಡುವೆ ಚರ್ಮ ಬೆಳ್ಳಗೆ, ಮೆತ್ತಗೆ ಆಗಿತ್ತು, ತಿಂಗಳುಗಟ್ಟಲೆ ಬೆಳಕು ಕಾಣದ್ದು. ಆಮೇಲೆ ಅವಳು ಹೇಳಿದ ಮೊದಲ ಮಾತು: "ತಮ್ಮಾ, ಇದರ ಸಪ್ಪಳ ಬಾಳ ಆತು. ಮಿಕ್ಸರ್ ಹಚ್ಚಿದಂಗ ಆಗ್ತದ. ಹೊರಗ ಕಟ್ಟಿಮ್ಯಾಲ ಕೂತಾಗ ಹೆಂಗ ಹಾಕ್ಕೊಳ್ಳಲಿ?"

ಇದು ನಮ್ಮ ಕ್ಷೇತ್ರದ ನಿಜವಾದ ಕಷ್ಟ. ಬೆರಳು ಮೆತ್ತಗಿದೆ. ಅದರ ಹಿಂದಿನ ಪಂಪು, ವಾಲ್ವು, ಬ್ಯಾಟರಿ ಎಲ್ಲ ಗಟ್ಟಿ, ಭಾರ, ಗದ್ದಲ. ಇದನ್ನು ದಾಟಲು ಹಲವರು ಹಲವು ದಾರಿ ನೋಡುತ್ತಿದ್ದಾರೆ. ಹಾರ್ವರ್ಡ್‌ನವರು 2016ರಲ್ಲಿ ಆಕ್ಟೋಬಾಟ್ ಅನ್ನುವ ಅಂಗೈ ಗಾತ್ರದ ರೋಬೋಟ್ ಮಾಡಿದರು. ಬ್ಯಾಟರಿ ಇಲ್ಲ, ಸರ್ಕೀಟ್ ಬೋರ್ಡ್ ಇಲ್ಲ. ಹೈಡ್ರೋಜನ್ ಪೆರಾಕ್ಸೈಡ್ ದ್ರವ ಪ್ಲಾಟಿನಂಗೆ ತಾಗಿ ಅನಿಲವಾಗುತ್ತದೆ, ಆ ಅನಿಲವೇ ತೋಳುಗಳನ್ನು ಉಬ್ಬಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಜಿ. ಕೆ. ಅನಂತಸುರೇಶ್ ಅವರು ಕೀಲು, ತಿರುಪು ಯಾವುದೂ ಇಲ್ಲದೆ, ಬಗ್ಗುವುದರಿಂದಲೇ ಕೆಲಸ ಮಾಡುವ ರಚನೆಗಳ ಮೇಲೆ ದೊಡ್ಡ ಕೆಲಸ ಮಾಡಿದ್ದಾರೆ. ಶಾಂಪೂ ಬಾಟಲಿಯ ಮುಚ್ಚಳ ತೆಳ್ಳಗಿನ ಪ್ಲಾಸ್ಟಿಕ್ ಮಡಿಕೆಯ ಮೇಲೆ ತೆರೆದುಕೊಳ್ಳುತ್ತದಲ್ಲ, ಆ ದಾರಿ. ಇಲ್ಲಿನ ವಿದ್ಯಾರ್ಥಿಗಳು ಅವರ ಲೇಖನಗಳನ್ನು ಓದಬೇಕು.

ಇನ್ನೊಂದು ಪ್ರಯೋಗ ನೀವು ಮನೆಯಲ್ಲೇ ಮಾಡಬಹುದು. ಬಲೂನಿನಲ್ಲಿ ಕಾಫಿ ಪುಡಿ ತುಂಬಿ ಒಂದು ವಸ್ತುವಿನ ಮೇಲೆ ಒತ್ತಿ, ಒಳಗಿನ ಗಾಳಿ ಎಳೆಯಿರಿ. ಪುಡಿ ಒಂದಕ್ಕೊಂದು ಸಿಕ್ಕಿಕೊಂಡು ಕಲ್ಲಿನ ಹಾಗಾಗುತ್ತದೆ, ವಸ್ತುವನ್ನು ಹಿಡಿದು ಎತ್ತುತ್ತದೆ. ಅಂಗಡಿಯ ವ್ಯಾಕ್ಯೂಮ್ ಪ್ಯಾಕೆಟ್ಟಿನ ಗೋಡಂಬಿ ಇಟ್ಟಿಗೆಯ ಹಾಗೆ ಇರುತ್ತದೆ, ಕತ್ತರಿಸಿದ ಕೂಡಲೇ ಸಡಿಲ. ಅದೇ. ಅಮೆರಿಕದಲ್ಲಿ 2010ರಲ್ಲಿ ಇದನ್ನು ರೋಬೋಟ್ ಕೈಯಾಗಿ ತೋರಿಸಿದರು. ನಾವು ಬಿಳಿಜೋಳ ಹಾಕಿ ನೋಡಿದೆವು. ಕಾಳು ದುಂಡಗಿದೆ, ಉರುಳುತ್ತದೆ, ಹಿಡಿತ ಸಾಲದು. ರವೆ ಅದಕ್ಕಿಂತ ವಾಸಿ.

ಚಿಗವ್ವನ ಕೈಗವಸಿಗೆ ಈಗ ಮೋಟಾರು ಪಂಪು ತೆಗೆದು, ಕಾಲಿನಲ್ಲಿ ಒತ್ತುವ ರಬ್ಬರ್ ಬುರುಡೆ ಹಾಕಿದ್ದೇನೆ. ಬಿಪಿ ನೋಡುವಾಗ ಡಾಕ್ಟರು ಒತ್ತುತ್ತಾರಲ್ಲ, ಅದರ ದೊಡ್ಡದು. ಅವಳ ಬಲಗಾಲಿಗೆ ಶಕ್ತಿ ಇದೆ. ತಾನೇ ಒತ್ತುತ್ತಾಳೆ, ತನಗೆ ಬೇಕಾದಷ್ಟು ನಿಧಾನ. ಸಪ್ಪಳವಿಲ್ಲ. ಇದರಿಂದ ಕೈ ವಾಸಿಯಾಗುತ್ತದೆ ಅಂತ ನಾನು ಹೇಳುತ್ತಿಲ್ಲ, ಅದನ್ನು ವೈದ್ಯರು ಪರೀಕ್ಷೆ ಮಾಡಿ ಹೇಳಬೇಕು. ಸಂಜೆ ಕಟ್ಟೆಯ ಮೇಲೆ ಕೂತು ಓಣಿಯವರ ಜೊತೆ ಮಾತಾಡುತ್ತಾ ಕಾಲಲ್ಲಿ ಒತ್ತುತ್ತಿರುತ್ತಾಳೆ, ಬೆರಳು ತೆರೆಯುತ್ತವೆ, ಮುಚ್ಚುತ್ತವೆ.

ಆ ಕೈಗವಸಿನ ಇನ್ನೊಂದು ಜೊತೆಯನ್ನು ಇಲ್ಲಿ ತಂದಿದ್ದೇನೆ. ಮೇಜಿನ ಹತ್ತಿರ ಬನ್ನಿ, ಹಾಕಿಕೊಂಡು ನೋಡಿ. ಬುರುಡೆಯನ್ನು ಮೆಲ್ಲಗೆ ಒತ್ತಿ. ಕಿರುಬೆರಳು ಉಳಿದವಕ್ಕಿಂತ ಸ್ವಲ್ಪ ತಡವಾಗಿ ತೆರೆಯುತ್ತದೆ. ನಿನ್ನೆ ರಾತ್ರಿ ಅಲ್ಲಿ ಪ್ಯಾಚ್ ಹಾಕಿದ್ದೇನೆ.